ವರದಿ ಒಪ್ಪಿಗೆಯಾಗುವ ತನಕ

ವಾಡಿಯಿಂದ ಚಿಂಚೋಳಿವರೆಗೆ ನಡೆಯುವ ಸರ್ಕಾರಿ ಸಭೆಗಳಿಗೆಲ್ಲ ಪ್ರೊಜೆಕ್ಟರ್ ಹಚ್ಚುವವನು ನಾನೇ, ಸುರೇಶಕುಮಾರ. ನನ್ನ ಪ್ರೊಜೆಕ್ಟರಿನ ಬೆಳಕು ಕಂಡರೆ ಶಹಾಬಾದಿನ ಬೇಸಿಗೆ ಸೂರ್ಯನೂ ನಾಚಿ ಮೋಡ ಹುಡುಕುತ್ತಾನೆ. ಇದನ್ನು ಹೇಳಿದಾಗ ಲುಂಬಿನಿ ಕನ್ನಡಕದ ಮೇಲಿಂದ ನೋಡಿ, "ಪುರಾವೆ ಅದ ಏನ್ರಿ?" ಎಂದಳು.

ಆ ನೋಟಕ್ಕೆ ಗಣಿಯ ಬಂಡೆಯೂ ಸೀಳಿಹೋಗುತ್ತಿತ್ತು. ನಾನು ಬರೀ ಮನುಷ್ಯ.

ಅವಳು ಬಂದದ್ದು ಬೇರೊಂದು ಸರ್ಕಾರಿ ಕಚೇರಿಯಿಂದ, ಇಲಾಖೆಯ ತೀರ್ಮಾನದ ಮೌಲ್ಯಮಾಪನಕ್ಕೆ. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವವರ ಎದೆಗೆ ಧೂಳು ಇಳಿಯುತ್ತಿದೆ, ಬಟ್ಟೆ ಮಾಸ್ಕಿನಿಂದ ಉಪಯೋಗವಿಲ್ಲ, ಧೂಳು ಏಳದಂತೆ ಗರಗಸಕ್ಕೆ ನೀರು ಬಿಡಬೇಕು ಎಂದು ಡಾಕ್ಟರರ ತಂಡವೊಂದು ಅಧ್ಯಯನ ಮಾಡಿ ಹೇಳಿತ್ತು. ಇಲಾಖೆ ಮಾಸ್ಕನ್ನೇ ಹಂಚಿತು. ತೀರ್ಮಾನಿಸುವ ಮುಂಚೆ ಆ ಅಧ್ಯಯನವನ್ನು ಯಾರಾದರೂ ನೋಡಿದ್ದರೇ? ಇದು ಅವಳ ಪ್ರಶ್ನೆ. ಸಾಹೇಬರೆಲ್ಲ ಕೂಲಂಕಷವಾಗಿ ನೋಡಿದೆವು ಎಂದಿದ್ದರಂತೆ.

ನಾನು ನಕ್ಕೆ. ಆ ಸಭೆಗೂ ಪ್ರೊಜೆಕ್ಟರ್ ಹಚ್ಚಿದವನು ನಾನೇ; ಡಾಕ್ಟರರ ಒಂದು ಚಿತ್ರವೂ ಪರದೆಗೆ ಬರಲಿಲ್ಲ. ಬರುವ ಮೊದಲೇ ಎಲ್ಲರೂ ಊಟಕ್ಕೆ ಎದ್ದರು. ಮಾಸ್ಕಿನ ಡಬ್ಬಿಗಳನ್ನು ಆಗಲೇ ಪರದೆಯ ಹಿಂದೆ ಒಟ್ಟಿದ್ದರು.

ಅದನ್ನು ಹೇಳಲು ತಯಾರಿದ್ದವನು ನಾನೊಬ್ಬನೇ. ನನ್ನ ಅವ್ವ ದಾನಮ್ಮ ಕೂಡುವುದು ಅಂಥ ಗರಗಸದ ಮುಂದೆಯೇ. ಅವಳು ಕೆಮ್ಮಿದರೆ ಸೇಡಂನಲ್ಲಿ ಮನೆಯ ತಗಡುಗಳು ನಡುಗುತ್ತವೆ. ಆ ಗರಗಸಕ್ಕೆ ನೀರು ಬರಬೇಕಾದರೆ ನನ್ನ ಹೇಳಿಕೆ ಊರ್ಜಿತವಾಗಬೇಕಿತ್ತು.

ಅರ್ಧ ಗಂಟೆಯ ಹೇಳಿಕೆಯನ್ನು ನಾನು ಒಂದು ತಿಂಗಳು ಎಳೆದೆ. ಚಿತ್ತಾಪುರದಲ್ಲಿ ಒಂದಿಷ್ಟು ನೆನಪಾಯಿತು, ವಾಡಿ ಸ್ಟೇಷನ್ನಿನಲ್ಲಿ ಇನ್ನೊಂದಿಷ್ಟು. ಕಾಗಿಣಾ ನದಿ ತುಂಬುವಷ್ಟು ಚಹಾ ಕುಡಿದೆವು. ಅವಳೂ ಕೇಳಿದ್ದನ್ನೇ ಕೇಳುತ್ತಿದ್ದಳು, ತುಟಿಯ ಮೂಲೆಯಲ್ಲಿ ನಗು ಮುಚ್ಚಿಕೊಂಡು.

ಕೊನೆಯ ದಿನ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ, ನಿಯಮದ ಕೊನೆಯ ಪ್ರಶ್ನೆ ಕೇಳಿದಳು. ಧ್ವನಿ ಸಣ್ಣಗಾಗಿತ್ತು.

"ನಿಮಗೂ ನನಗೂ ಏನರೆ ಸಂಬಂಧ ಅದ ಏನ್ರಿ?"

ಹೌದೆಂದರೆ, ಬೇಕಾದವರ ಮಾತು ಎಂದು ಹೇಳಿಕೆ ರದ್ದು. ಅವ್ವನ ನೀರೂ ರದ್ದು.

"ಇಲ್ರಿ," ಎಂದೆ. ಹುಟ್ಟಿದಾಗಿನಿಂದ ಇಷ್ಟು ಚಿಕ್ಕ ಮಾತು ನಾನು ಆಡಿರಲಿಲ್ಲ.

ಅವಳು ರೆಕಾರ್ಡಿಂಗ್ ನಿಲ್ಲಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದಳು. "ಈಗ ಹೇಳಬ್ಯಾಡ್ರಿ. ಕೇಳಿದ್ರ ನಾ ಬರೀಬೇಕಾಗ್ತದ. ವರದಿ ಒಪ್ಪಿಗೆ ಆಗ್ಲಿ."

"ಎಷ್ಟ ದಿನ ಆಗ್ತದ್ರಿ?"

"ಓದಿದ್ರ ಒಂದ ದಿನ ಸಾಕು." ಅವಳ ಕಣ್ಣು ತುಂಬಿದ್ದವು.

ವರದಿ ಎರಡು ವರ್ಷದಿಂದ ಪರಿಶೀಲನೆಯಲ್ಲಿದೆ. ಗರಗಸಕ್ಕೆ ನೀರು ಬಂದಿಲ್ಲ. ಅವ್ವ ಈಗ ಗೋಡೆಗೆ ಒರಗಿ, ಕುಳಿತೇ ನಿದ್ದೆ ಮಾಡುತ್ತಾಳೆ.

ಹೋದ ವಾರ ಲುಂಬಿನಿಯ ಕಚೇರಿಯಿಂದ ಬೇರೊಬ್ಬರು ಫೋನ್ ಮಾಡಿದರು. ವರದಿಯ ಮರುಪರಿಶೀಲನೆಯಂತೆ. ಲುಂಬಿನಿ ಮೇಡಂ ಮದುವೆಯಾಗಿ ಹೈದರಾಬಾದಿಗೆ ಹೋದರಂತೆ. ಅವರಿಗೂ ನಿಮಗೂ ಏನಾದರೂ ಸಂಬಂಧವಿತ್ತೇ ಎಂದು ಕೇಳಿದರು.

ಗೋಡೆಗೆ ಒರಗಿದ್ದ ಅವ್ವನನ್ನು ನೋಡಿದೆ. "ಇಲ್ರಿ," ಎಂದೆ.

ಮೊದಲ ಸಲ ಹಾಗೆಂದಾಗ ಕೇಳಿದವಳು ನಂಬಿರಲಿಲ್ಲ. ಇವರು ನಂಬಿಬಿಟ್ಟರು.