ಕ್ಯಾಮೆರಾಕ್ಕೆ ಮೆತ್ತಿದ ಅಂಟು

ಮಾರ್ಚ್ ಹನ್ನೊಂದು, ಸೋಮವಾರ ಬೆಳಿಗ್ಗೆ ಗ್ಲೆಂಡಾ ಟೀಮನ್ ಇಲಿನಾಯ್ ರಾಜ್ಯದ ಹಾರ್ಲೋ ಪಟ್ಟಣದ ಠಾಣೆಗೆ ಬಂದು ದೂರು ಕೊಟ್ಟಳು. ವೃದ್ಧರ ಶುಶ್ರೂಷಾಲಯದಲ್ಲಿದ್ದ ಅವಳ ತಾಯಿ ಆರ್ಫಾಳ ಮಣಿಕಟ್ಟು ಶನಿವಾರ ಸಂಜೆ ಮುರಿದಿತ್ತು. ಪಾರ್ಶ್ವವಾಯುವಿನಿಂದ ಆರ್ಫಾಳ ಮಾತು ನಿಂತಿದ್ದರಿಂದ ಮಗಳೇ ಒಪ್ಪಿಗೆ ಬರೆದು ಕೋಣೆಯಲ್ಲಿ ಕ್ಯಾಮೆರಾ ಇರಿಸಿದ್ದಳು. ಪೆಟ್ಟಾಗುವ ಸ್ವಲ್ಪ ಮೊದಲು ಅದರ ಚಿತ್ರ ಬೆಳ್ಳಗೆ ಮಸುಕಾಗಿತ್ತು.

ಅನುಮಾನ ಆ ಸಂಜೆಯ ಸಹಾಯಕಿ ರೊಸಾಲಿಂಡಾ ಅಬುಯೆವಾಳ ಮೇಲೆ. ಅವಳನ್ನು ಆಗಲೇ ಅಮಾನತು ಮಾಡಿದ್ದರು. ಆರೋಪ ಸಾಬೀತಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಖಂಡಿತ.

ಇನ್ಸ್‌ಪೆಕ್ಟರ್ ಲಾರ್ನ್ ಹೇವರ್‌ಕ್ಯಾಂಪ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಟ್ರೂಡಿ ಓಕ್ಸ್‌ಳೊಡನೆ ಸ್ಥಳಕ್ಕೆ ಹೋದ. ಕಾನೂನು ಕೇಳುವುದೆಲ್ಲವೂ ಅಲ್ಲಿತ್ತು. ಕ್ಯಾಮೆರಾ ಇದೆಯೆಂಬ ಸೂಚನಾ ಫಲಕವನ್ನು ಬಾಗಿಲಿಗೆ ಅಂಟಿಸಿದ್ದರು. ಅದೇ ಕೋಣೆಯ ಇನ್ನೊಬ್ಬ ನಿವಾಸಿ ಲಿಯೋಟಾ ಬ್ರಾಂಡ್‌ವೋಲ್ಡ್‌ಳ ಲಿಖಿತ ಒಪ್ಪಿಗೆಯೂ ಇತ್ತು. ಧ್ವನಿ ದಾಖಲಾಗಬಾರದು, ಕ್ಯಾಮೆರಾ ಆರ್ಫಾಳ ಹಾಸಿಗೆಯತ್ತ ಮಾತ್ರ ತಿರುಗಿರಬೇಕು ಎಂಬುದು ಅವಳ ಷರತ್ತು. ಅದನ್ನು ಪಾಲಿಸಿದ್ದರು.

ಪಂಚನಾಮೆಯ ವೇಳೆ ಕ್ಯಾಮೆರಾದ ಮಸೂರದ ಮೇಲೆ ಒಣಗಿದ ಬಿಳಿಯ ಅಂಟು ಸಿಕ್ಕಿತು. ಟ್ರೂಡಿ ಮೂಸಿ ನೋಡಿದಳು.

"ನಮ್ಮಜ್ಜಿ ಮುತ್ತು ಕೊಟ್ಟಂಗಾಯ್ತು, ಸಾರ್. ಕಟ್ಟುಹಲ್ಲಿಗೆ ಹಚ್ಚೋ ಅಂಟು ಇದು."

ಆರ್ಫಾಳಿಗೆ ಕಟ್ಟುಹಲ್ಲು ಇರಲಿಲ್ಲ.

ರೊಸಾಲಿಂಡಾಳನ್ನು ಅವಳ ಮನೆಯಲ್ಲೇ ವಿಚಾರಿಸಿದರು. ತಾನು ಊಟದ ಕೋಣೆಯಲ್ಲಿದ್ದೆ, ಲಿಯೋಟಾಳ ಕರೆಗಂಟೆ ಕೇಳಿ ಬಂದಾಗ ಆರ್ಫಾ ನೆಲದ ಮೇಲಿದ್ದಳು ಎಂದಳು. ಕರೆಗಂಟೆ ಬಾರಿಸಿದ್ದನ್ನು ಉಳಿದ ಸಿಬ್ಬಂದಿಯೂ ದೃಢಪಡಿಸಿದರು.

"ಕ್ಯಾಮೆರಾ ನಾನ್ಯಾಕೆ ಮುಚ್ಲಿ, ಸಾರ್?" ಎಂದಳು ರೊಸಾಲಿಂಡಾ. "ನನ್ನ ಪರವಾಗಿ ಸಾಕ್ಷಿ ಹೇಳೋಕೆ ಇದ್ದಿದ್ದು ಅದೊಂದೇ."

ಮಧ್ಯಾಹ್ನ ಹೇವರ್‌ಕ್ಯಾಂಪ್ ಹಿಂದಿನ ವಾರದ ದೃಶ್ಯಗಳನ್ನು ನೋಡಿದ. ಆರ್ಫಾಳ ಹಾಸಿಗೆಯ ಆಚೆ, ಗೋಡೆಯ ಮೇಲೆ ಆರಿಸಿಟ್ಟ ಟೀವಿ ಇತ್ತು. ಅದರ ಕಪ್ಪು ಗಾಜಿನಲ್ಲಿ ಲಿಯೋಟಾಳ ಹಾಸಿಗೆ ಪೂರ್ತಿಯಾಗಿ ಕಾಣುತ್ತಿತ್ತು. ಅಲ್ಲಿ ರೊಸಾಲಿಂಡಾ ಒದ್ದೆ ಬಟ್ಟೆ ಬಿಚ್ಚಿ ಲಿಯೋಟಾಳನ್ನು ಒರೆಸುತ್ತಿದ್ದಳು. ಶನಿವಾರದ ಕೊನೆಯ ಚಿತ್ರದಲ್ಲಿ ಕೆಳಗಿನಿಂದ ಒಂದು ಕೋಲಿನ ತುದಿ ಎದ್ದಿತ್ತು.

ಆತ ಗ್ಲೆಂಡಾಳಿಗೆ ಫೋನ್ ಮಾಡಿ, ಟೀವಿಯ ಗಾಜಿನಲ್ಲಿ ಕಂಡದ್ದನ್ನು ಲಿಯೋಟಾಳಿಗೆ ಹೇಳಿದ್ದುಂಟೇ ಎಂದು ಕೇಳಿದ. ಬುಧವಾರ ಪೈ ಎಂಬ ಸಿಹಿತಿನಿಸು ಕೊಡುವಾಗ ಹೇಳಿದ್ದಾಗಿ ಅವಳು ಒಪ್ಪಿದಳು. "ರಾತ್ರಿಯೆಲ್ಲ ಬಟ್ಟೆ ಬದಲಾಯಿಸೋ ಹಾಗಾಯ್ತಲ್ಲ, ಪಾಪ ಅಂದೆ. ಸಮಾಧಾನಕ್ಕೆ ಅಂದಿದ್ದು."

ಲಿಯೋಟಾ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು. ಎಂಬತ್ತಾರರ ಪ್ರಾಯ, ಶಾಲೆಯ ಅಡುಗೆಮನೆ ನಡೆಸಿ ನಿವೃತ್ತಳಾದವಳು. ದೂರದ ವಸ್ತು ಹಿಡಿಯುವ ಚಿಮಟದ ಕೋಲು ಅವಳ ಪಕ್ಕದಲ್ಲಿತ್ತು. ಅದರ ತುದಿಯಲ್ಲಿ ಅದೇ ಬಿಳಿಯ ಅಂಟು ಒಣಗಿತ್ತು. ಉತ್ತರಿಸಲೇಬೇಕೆಂದಿಲ್ಲ ಎಂದು ತಿಳಿಸಿ ಹೇವರ್‌ಕ್ಯಾಂಪ್ ಪ್ರಶ್ನೆ ಆರಂಭಿಸಿದ.

"ನೀವೇ ಹಚ್ಚಿದ್ರಾ?"

"ಹೂಂ."

"ಒಪ್ಪಿಗೆ ವಾಪಸ್ ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತಲ್ಲ, ಕ್ಯಾಮೆರಾ ತೆಗೀತಿದ್ರು."

"ಅವಳು ತಂದ ರೂಬಾರ್ಬ್ ಪೈ ತಿಂದಿದ್ದೆ, ಮಗಾ. ತಿಂದ್ಮೇಲೆ ಬೇಡ ಅಂತ ಹೇಗೆ ಹೇಳೋದು?"

ಟ್ರೂಡಿ ಹೌದೆಂಬಂತೆ ತಲೆಯಾಡಿಸಿದಳು. ಆ ಊರಿನಲ್ಲಿ ಕೊಟ್ಟದ್ದನ್ನು ತಿಂದ ಮೇಲೆ ಯಾರೂ ಹಾಗೆ ಹೇಳುವುದಿಲ್ಲ.

"ಆರ್ಫಾ?"

"ಚಪ್ಪಲಿಗೆ ಅಂತ ಬಗ್ಗಿದ್ಲು, ಬಿದ್ಲು. ಹತ್ರ ಯಾರೂ ಇರ್ಲಿಲ್ಲ."

"ನೀವು ಬಾಯಿ ಬಿಡದಿದ್ರೆ ಆ ಹುಡುಗಿ ಜೈಲಿಗೆ ಹೋಗ್ತಿದ್ಲು."

"ಗೊತ್ತಿತ್ತು."

ಲಿಯೋಟಾ ಅಳಲಿಲ್ಲ.

ಕ್ಯಾಮೆರಾಕ್ಕೆ ಅಡ್ಡಿಪಡಿಸುವುದು ಅಪರಾಧ. ಲಿಯೋಟಾಳ ಬಂಧನವಾಯಿತು; ಆದರೆ ಪ್ರಾಯ ನೋಡಿ ಠಾಣೆಗೆ ಒಯ್ಯದೆ, ನ್ಯಾಯಾಲಯಕ್ಕೆ ಬರುವೆನೆಂಬ ಬರಹಕ್ಕೆ ಕೋಣೆಯಲ್ಲೇ ಸಹಿ ಹಾಕಿಸಿಕೊಂಡರು. ಒಪ್ಪಿಗೆಯನ್ನು ಹಿಂಪಡೆಯುವ ಸಾಲನ್ನೂ ಅವಳು ಅಂದೇ ಬರೆದಳು. ಆರ್ಫಾಳನ್ನು ಕ್ಯಾಮೆರಾದೊಂದಿಗೆ ಒಂಟಿ ಕೋಣೆಗೆ ಸಾಗಿಸಿದರು. ತಾನು ಅಂದದ್ದರಲ್ಲಿ ಕೆಟ್ಟದ್ದೇನಿತ್ತು ಎಂದು ಗ್ಲೆಂಡಾ ಕೇಳಿದಳು.

ಮರುದಿನ ರೊಸಾಲಿಂಡಾ ಕೆಲಸಕ್ಕೆ ಮರಳಿದಳು. ಲಿಯೋಟಾಳ ಹಾಸಿಗೆ ಒದ್ದೆಯಾಗಿತ್ತು. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಆದರೂ ಅವಳು ಸುತ್ತಲೂ ಪರದೆ ಎಳೆದು, ಬಳಿಕ ಬಟ್ಟೆ ಬಿಚ್ಚತೊಡಗಿದಳು.