ಲಕೋಟೆಯೊಳಗಿನ ಪಾಸ್‌ವರ್ಡ್

ಮೂರನೇ ಸಲವೂ ತಪ್ಪಾಯಿತು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ನಿಮ್ಮ ಖಾತೆಗೆ ಬೀಗ ಬಿದ್ದಿದೆ.

ಲಿಫ್ಟ್ ತಯಾರಿಸುವ ಕಂಪನಿಯಲ್ಲಿ ಅವಳು ನಕ್ಷೆ ಬರೆಯುವವಳು. ಹನ್ನೊಂದಕ್ಕೆ ವರ್ಕ್‌ಶಾಪಿನಲ್ಲಿ ಉಕ್ಕು ಕತ್ತರಿಸಬೇಕು, ಅಳತೆಗಳೆಲ್ಲ ಸರ್ವರಿನೊಳಗೆ. ನಿನ್ನೆ ಅವಳ ಕಂಪ್ಯೂಟರ್ ಬದಲಾಯಿಸಿದ್ದರು. ಹಳೆಯದು ಪಾಸ್‌ವರ್ಡನ್ನು ತಾನೇ ನೆನಪಿಟ್ಟುಕೊಂಡಿತ್ತು. ಅವಳು ಇಟ್ಟುಕೊಂಡಿರಲಿಲ್ಲ.

"ಬೀಗದಣ್ಣನ ಹತ್ರ ಹೋಗೇ, ನಿನ್ನ ಲಕೋಟೆ ಒಡೀತಾನೆ," ಎಂದಳು ಪಕ್ಕದ ಮೇಜಿನ ಅಕ್ಕ.

ಸರ್ವರ್ ನೋಡಿಕೊಳ್ಳುವವನಿಗೆ ಇಡೀ ಆಫೀಸು ಇಟ್ಟ ಹೆಸರು ಬೀಗದಣ್ಣ. ಎಲ್ಲರೂ ತಮ್ಮ ಪಾಸ್‌ವರ್ಡ್ ಬರೆದು, ಲಕೋಟೆ ಅಂಟಿಸಿ, ಅವನ ಬೀರುವಿಗೆ ಒಪ್ಪಿಸಬೇಕು. ಒಡೆಯುವುದಾದರೆ ಬರೆದವರ ಎದುರೇ ಒಡೆಯಬೇಕು.

ಲಕೋಟೆ ಎಂದೊಡನೆ ಎದ್ದವಳು ಮತ್ತೆ ಕುಳಿತಳು. ಏನು ಬರೆದಿದ್ದಳೋ ನೆನಪಿಲ್ಲ. ಬರೆಯಬಾರದ್ದೇನೋ ಬರೆದು ಇಡೀ ದಿನ ನಾಚಿದ್ದು ಮಾತ್ರ ನೆನಪಿದೆ. ಅವನು ಓದಿ ನಕ್ಕುಬಿಟ್ಟರೆ? ನಾಳೆಯಿಂದ ಯಾವ ಮುಖ ಹೊತ್ತು ಬರುವುದು?

ಸರ್ವರ್ ಕೋಣೆ ತಣ್ಣಗಿತ್ತು. ಬೀಗ ಬಿದ್ದ ಸುದ್ದಿ ಅವನ ಪರದೆಗೂ ಬಂದಿರಬೇಕು, ಲಕೋಟೆ ಆಗಲೇ ಅವನ ಕೈಯಲ್ಲಿತ್ತು.

"ರೀ, ಒಂದ್ನಿಮಿಷ. ಇನ್ನೊಂದ್ಸಲ ನೆನಪು ಮಾಡ್ಕೊಳ್ಲಾ?"

"ಹತ್ತೂ ಮುಕ್ಕಾಲಾಯ್ತು. ಹೆದರ್ಬೇಡಿ, ನಾನು ಏನೇನೋ ನೋಡಿದೀನಿ. ಮ್ಯಾನೇಜರು ಹೆಂಡತಿ ಹುಟ್ಟಿದ ದಿನ ಇಟ್ಟು, ಅದನ್ನೂ ತಪ್ಪು ಬರೆದಿದ್ರು."

ಅವಳ ನಗು ಅರ್ಧಕ್ಕೇ ನಿಂತಿತು. ಅವನು ಒಡೆದ. ಓದಿದ. ಮತ್ತೊಮ್ಮೆ ಓದಿದ. ಕಣ್ಣು ಅವಳ ಮುಖದವರೆಗೆ ಬಂದು, ಎಡವಿದಂತಾಗಿ, ಕೀಬೋರ್ಡಿಗೆ ಇಳಿಯಿತು. ಕಾಗದವನ್ನು ಅವಳ ಕಡೆ ತಿರುಗಿಸಿದ.

ಅವಳದೇ ದುಂಡು ಅಕ್ಷರ: ಅಣ್ಣಅಲ್ಲ7.

ಅವನು ಟೈಪ್ ಮಾಡಿದ, ಬೀಗ ತೆರೆಯಿತು. ಅವಳು ಅಲ್ಲಿಂದಲೇ ವರ್ಕ್‌ಶಾಪಿಗೆ ನಕ್ಷೆ ಕಳಿಸಿದಳು. ಇನ್ನು ಓಡಿಹೋಗಬಹುದಿತ್ತು. ಅವಳು ಹೋಗಲಿಲ್ಲ.

"ಮೂರು ವರ್ಷದಿಂದ ಎಲ್ರೂ ಅಣ್ಣ ಅಂತಾರೆ," ಎಂದ ಅವನು, "ನನಗಿಂತ ದೊಡ್ಡೋರಾದ ಮ್ಯಾನೇಜರೂ ಕೂಡ. ನೀವೊಬ್ರೇ ಅನ್ನಲ್ಲ. ನನ್ನ ಕಂಡ್ರೆ ಆಗಲ್ವೇನೋ ಅಂದ್ಕೊಂಡಿದ್ದೆ."

"ಅಯ್ಯೋ, ಹಾಗಲ್ಲ..." ಅವಳು ಆ ಕಾಗದವನ್ನು ನಾಲ್ಕಾಗಿ ಮಡಚಿದಳು.

"ಬೇರೆಯವರು ನೋಡಿದ ಪಾಸ್‌ವರ್ಡ್ ಬದಲಾಯಿಸ್ಲೇಬೇಕು. ಅಣ್ಣ ಅಲ್ಲ ಅನ್ನೋದು ಗೊತ್ತಾಯ್ತು. ಮತ್ತೇನು ಅಂತ ಈಗ ಬರೀರಿ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ನಿಂತ. ಆ ಚಳಿಯಲ್ಲೂ ಅವನ ಕಿವಿಗಳು ಕೆಂಪಾಗಿದ್ದವು.

ಅವಳು ಟೈಪ್ ಮಾಡಿದಳು, ಅಳಿಸಿದಳು, ಮತ್ತೆ ಟೈಪ್ ಮಾಡಿದಳು. ಅದನ್ನೇ ಕಾಗದದ ಮೇಲೆ ಬರೆದು, ಲಕೋಟೆ ಅಂಟಿಸಿ ಕೊಟ್ಟಳು. ಅವನು ಅದನ್ನು ಅಂಗಿಯ ಜೇಬಿಗೆ ಇಳಿಸಿದ.

"ಬೀರುವಲ್ಲಿ ಇಡ್ಬೇಕಲ್ವಾ?"

"ಬರೆದವರ ಎದುರೇ ಒಡೀಬೇಕು ಅಂತಾನೂ ರೂಲ್ಸಿದೆ. ಸಂಜೆ ಐದೂವರೆಗೆ, ಗೇಟಿನ ಹತ್ರ ಒಡೀಲಾ?"

"ಹೂಂ," ಎಂದು ಹೊರಟವಳಿಗೆ ಎರಡು ಮಹಡಿ ಹತ್ತಿದ ಮೇಲೆ ನೆನಪಾಯಿತು: ತನ್ನ ಮೇಜು ಇರುವುದು ಕೆಳಗೆ.