ಮಾವನಿಗೆ ಬಂದ ನೋವು

ನಮ್ಮತ್ತೆ ಹೆರಿಗೆಯಲ್ಲಿ ತೀರಿಕೊಂಡಾಗ, ಮಾವ ಶಿವಮೂರ್ತಿ ಸೂಲಗಿತ್ತಿ ಸಾಕಮ್ಮನನ್ನು ಹೊಡೆದು ಊರು ಬಿಡಿಸಿದ್ದರು. ರಕ್ತ ನಿಲ್ಲುತ್ತಿಲ್ಲ, ಆಸ್ಪತ್ರೆಗೆ ಸಾಗಿಸಿ ಎಂದು ಆಕೆ ಅಂಗಲಾಚಿದರೂ ಗಾಡಿ ತರಿಸದವರು ಮಾವನೇ. ಸಾಕಮ್ಮ ತಾಂಡವಪುರದ ಬಸ್ ಸ್ಟಾಪಿನಲ್ಲಿ ಸತ್ತಳಂತೆ.

ಹೋದ ವರ್ಷ ಒಂದು ಮಧ್ಯಾಹ್ನ ನನಗೆ ಹೆರಿಗೆ ನೋವು ಶುರುವಾಯಿತು. ಗಂಡ ಕಾರು ತರಲು ನಂಜನಗೂಡಿಗೆ ಓಡಿದ್ದರು. ಮಾವ ಜಗಲಿಯಲ್ಲಿದ್ದರು. ಉರಿಬಿಸಿಲಲ್ಲೂ ಕೋಣೆ ತಣ್ಣಗಾಯಿತು, ಹರಳೆಣ್ಣೆಯ ವಾಸನೆ ಬಂತು. ಯಾರೂ ಕಾಣಲಿಲ್ಲ. ಆದರೆ ಬೆಚ್ಚನೆಯ ಎರಡು ಅಂಗೈಗಳು ನನ್ನ ಹೊಟ್ಟೆ ನೀವತೊಡಗಿದವು.

“ಎದರ್ಬೇಡ ಕಣವ್ವ. ನೀನು ಎರು, ನೋವ ಅವ್ನು ತಿನ್ಲಿ,” ಎಂದಿತು ಮುದಿ ದನಿ.

ನನ್ನ ನೋವು ಅಲ್ಲಿಗೇ ಇಳಿಯಿತು. ಹೊಟ್ಟೆ ಬಿಗಿದಾಗಲೆಲ್ಲ ಜಗಲಿಯಲ್ಲಿ ಮಾವ ಚೀರುತ್ತಿದ್ದರು.

“ಸಾಕಮ್ಮ, ಬುಟ್ಬುಡು ನನ್ನ.”

ಮಗಳು ಸಲೀಸಾಗಿ ಹುಟ್ಟಿದಳು. ಹೊಕ್ಕುಳಬಳ್ಳಿಗೆ ಯಾರೋ ಅಚ್ಚುಕಟ್ಟಾಗಿ ದಾರ ಕಟ್ಟಿದ್ದರು. ನಾನು ಕಟ್ಟಿರಲಿಲ್ಲ.

ಗಂಡ ಬಂದಾಗ ಮಾವ ಹೊಟ್ಟೆ ಹಿಡಿದು ಹೊರಳುತ್ತಿದ್ದರು. ಸ್ಕ್ಯಾನ್ ಮಾಡಿದ ಡಾಕ್ಟರು ಏನೂ ಇಲ್ಲವೆಂದರು.

ಅಂದಿನಿಂದ ಊರಿನ ಯಾವ ಹೆಂಗಸಿಗೆ ದಿನ ತುಂಬಿದರೂ ಮೊದಲು ಚೀರುವವರು ಮಾವ. ಆ ಹೆಂಗಸರು ನಗುನಗುತ್ತ ಹೆರುತ್ತಾರೆ. ಇವತ್ತು ಅತ್ತೆ ತೀರಿಕೊಂಡ ದಿನ; ಬೆಳಗಿನಿಂದ ಅವರು ಮತ್ತೆ ಚೀರುತ್ತಿದ್ದಾರೆ. ಊರಲ್ಲೀಗ ಬಸುರಿಯರು ಯಾರೂ ಇಲ್ಲ.